ಬೆಳ್ಳಿ, ಚಿನ್ನ, ವಜ್ರ, ಅಮೃತ: ಹಬ್ಬದ ವರ್ಷಗಳ ಲೆಕ್ಕ ಹಿಡಿಯುವುದು ಹೇಗೆ?

ಹಾಸನದ ಒಂದು ಸಣ್ಣ ಮುದ್ರಣಾಲಯದಲ್ಲಿ 2025ರ ಡಿಸೆಂಬರಿನಲ್ಲಿ ಕರಡು ತಿದ್ದಲು ಕುಳಿತಿದ್ದಾಗ, ಬೇಲೂರು ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯ ಆಹ್ವಾನ ಪತ್ರಿಕೆ ನನ್ನ ಕೈಗೆ ಬಂತು. ನೆತ್ತಿಯ ಮೇಲೆ ಗಣೇಶನ ಚಿತ್ರ, ಅದರ ಕೆಳಗೆ ದಪ್ಪ ಅಕ್ಷರಗಳಲ್ಲಿ ‘75ನೇ ವಜ್ರ ಮಹೋತ್ಸವ ಸಮಾರಂಭ’ ಎಂದಿತ್ತು. ಪತ್ರಿಕೆ ಮಾಡಿಸಲು ಬಂದಿದ್ದ ಹಳೆಯ ವಿದ್ಯಾರ್ಥಿಗಳ ಸಂಘದವರು ನಾಲ್ವರು. ವಜ್ರ ಎಂದರೆ 60, 75ಕ್ಕೆ ಅಮೃತ ಎಂದು ಒಬ್ಬರು ಹೇಳಿದರೆ, ತಮ್ಮ ಸಂಬಂಧಿಕರ ಕಾರ್ಖಾನೆಯಲ್ಲಿ 75ಕ್ಕೆ ಪ್ಲಾಟಿನಂ ಎಂದು ಹಾಕಿದ್ದರು ಎಂದು ಇನ್ನೊಬ್ಬರು ಹೇಳಿದರು. ಮೂರನೆಯವರ ತಕರಾರು ಹೆಸರಿನದಲ್ಲ. ಶಾಲೆಗೆ ಇನ್ನೂ 75 ತುಂಬಿಯೇ ಇಲ್ಲ ಎಂಬುದು. ನಾಲ್ಕನೆಯವರು ವಯಸ್ಸಿನಲ್ಲಿ ಹಿರಿಯರು. ಶಾಲೆಯ ಕಟ್ಟಡ ಏಳುವ ಮೊದಲೇ ದೇವಸ್ಥಾನದ ಜಗಲಿಯ ಮೇಲೆ ಪಾಠ ನಡೆಯುತ್ತಿತ್ತು, ಆ ಲೆಕ್ಕ ಹಿಡಿದರೆ 75 ಎಂದೋ ದಾಟಿದೆ ಎಂಬುದು ಅವರ ವಾದ.

ನಾಲ್ವರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇದ್ದರು. ಸ್ವಾತಂತ್ರ್ಯ ಬಂದ ಬಳಿಕದ ಮೊದಲ ವರ್ಷಗಳಲ್ಲಿ ತೆರೆದ ಶಾಲೆ, ಸಹಕಾರ ಸಂಘ, ವಾಚನಾಲಯಗಳಿಗೆ ಈಗ 75ರ ಆಸುಪಾಸು ವಯಸ್ಸಾಗಿರುವುದರಿಂದ ಇಂಥ ಚರ್ಚೆ ಊರೂರಿನಲ್ಲೂ ನಡೆಯುತ್ತಿದೆ. ಅದರಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ತೊಡರಿಕೊಂಡಿರುತ್ತವೆ: ಎಷ್ಟು ವರ್ಷಕ್ಕೆ ಯಾವ ಹೆಸರು, ವರ್ಷ ತುಂಬಿರಬೇಕೋ ನಡೆಯುತ್ತಿದ್ದರೆ ಸಾಕೋ, ಎಣಿಕೆಯನ್ನು ಯಾವ ದಿನದಿಂದ ಹಿಡಿಯಬೇಕು. ಮೂರನ್ನೂ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ವಾರ್ಷಿಕೋತ್ಸವ, ವರ್ಧಂತಿ, ಮಹೋತ್ಸವ

ಪ್ರತಿವರ್ಷ ಅದೇ ದಿನ ಬಂದಾಗ ಮಾಡುವ ಆಚರಣೆ ವಾರ್ಷಿಕೋತ್ಸವ. ಅರಸರು, ಸ್ವಾಮಿಗಳು ಮತ್ತು ದೇವಸ್ಥಾನಗಳ ವಿಷಯದಲ್ಲಿ ಅದನ್ನೇ ವರ್ಧಂತಿ ಎನ್ನುತ್ತೇವೆ. ಹುಟ್ಟಿದ ದಿನಕ್ಕೆ ಜನ್ಮ ವರ್ಧಂತಿ, ಪೀಠವೇರಿದ ದಿನಕ್ಕೆ ಪಟ್ಟಾಭಿಷೇಕ ವರ್ಧಂತಿ, ವಿಗ್ರಹ ಪ್ರತಿಷ್ಠೆಯಾದ ದಿನಕ್ಕೆ ಪ್ರತಿಷ್ಠಾ ವರ್ಧಂತಿ. ‘ವರ್ಧ’ ಎಂದರೆ ಬೆಳೆಯುವುದು. ವರ್ಷ ಕಳೆದಂತೆ ಆಯುಸ್ಸು ತೀರುತ್ತದೆ ಎನ್ನದೆ ಬೆಳೆಯುತ್ತದೆ ಎನ್ನುವ ಮಾತು ಇದು.

ಜಾತ್ರೆಯೂ ವರ್ಷಕ್ಕೊಮ್ಮೆ ಬರುತ್ತದೆ, ಆದರೆ ಅದಕ್ಕೆ ಸಂಖ್ಯೆ ಬೇಕಿಲ್ಲ. ಆಶ್ವೀಜದಲ್ಲಿ ಹಾಸನಾಂಬೆಯ ಗರ್ಭಗುಡಿಯ ಬಾಗಿಲು ತೆರೆದಾಗ ದರ್ಶನಕ್ಕೆ ಸಾಲುಗಟ್ಟಿ ನಿಂತವರಲ್ಲಿ ಇದು ಎಷ್ಟನೆಯ ವರ್ಷ ಎಂದು ಯಾರೂ ಕೇಳುವುದಿಲ್ಲ. ಮಹೋತ್ಸವದ ವರ್ಷಗಳು ಹಾಗಲ್ಲ, ಅಲ್ಲಿ ಸಂಖ್ಯೆಯೇ ಹಬ್ಬಕ್ಕೆ ಕಾರಣ. ‘ಮಹಾ’ ಮತ್ತು ‘ಉತ್ಸವ’ ಸೇರಿ ಗುಣಸಂಧಿಯಾಗಿ ‘ಮಹೋತ್ಸವ’ವಾಗಿದೆ, ಅದರ ಹಿಂದೆ ರಜತ, ಸುವರ್ಣ, ವಜ್ರ, ಅಮೃತ ಎಂಬ ಪದಗಳಲ್ಲೊಂದು ನಿಂತಾಗ ಅದು ಕ್ರಮವಾಗಿ 25, 50, 60, 75 ವರ್ಷಗಳನ್ನು ಸೂಚಿಸುತ್ತದೆ. 10ಕ್ಕೆ ದಶಮಾನೋತ್ಸವ, 100ಕ್ಕೆ ಶತಮಾನೋತ್ಸವ. ಆಡುಮಾತಿನಲ್ಲಿ 25ನ್ನು ‘ಬೆಳ್ಳಿಹಬ್ಬ’, 50ನ್ನು ‘ಚಿನ್ನದ ಹಬ್ಬ’ ಎನ್ನುವುದೂ ಇದೆ, ಅವು ಕಿವಿಗೆ ಹೆಚ್ಚು ಹಿತವಾಗಿವೆ ಎಂಬುದು ನನ್ನ ಎಣಿಕೆ. 40ಕ್ಕೆ ‘ಮಾಣಿಕ್ಯ ಮಹೋತ್ಸವ’ ಎಂಬ ಪ್ರಯೋಗ ಅಲ್ಲಲ್ಲಿ ಕಾಣಿಸಿದರೂ ಅಷ್ಟಾಗಿ ಬೇರೂರಿಲ್ಲ.

ಈ ಸಾಲಿನಲ್ಲಿ ಬೆಳ್ಳಿಗಿಂತ ಚಿನ್ನ, ಚಿನ್ನಕ್ಕಿಂತ ವಜ್ರ ಎಂದು ಬೆಲೆ ಏರುತ್ತ ಹೋಗುವುದು ಸರಿಯೇ. ಆದರೆ ಬೆಳ್ಳಿಯ ತೂಕಕ್ಕೂ 25 ಎಂಬ ಸಂಖ್ಯೆಗೂ ಯಾವ ನಂಟೂ ಇಲ್ಲ. ರೂಢಿ ಹಾಕಿಕೊಟ್ಟ ಜೋಡಿ ಅದು. ಆದ್ದರಿಂದಲೇ ರೂಢಿ ಬದಲಾದಲ್ಲೆಲ್ಲ ಹೆಸರೂ ಸ್ಥಳ ಬದಲಾಯಿಸಿದೆ.

ಟಗರಿನ ಕೊಂಬಿನಿಂದ ಬಂದ ‘ಜುಬಿಲಿ’

ನಾವು ಮಹೋತ್ಸವ ಎನ್ನುವುದನ್ನು ಇಂಗ್ಲಿಷಿನಲ್ಲಿ ‘ಜುಬಿಲಿ’ ಎನ್ನುತ್ತಾರೆ. ಅದರ ಮೂಲ ಹೀಬ್ರೂ ಭಾಷೆಯ ‘ಯೋಬೇಲ್’, ಅಂದರೆ ಟಗರು ಅಥವಾ ಟಗರಿನ ಕೊಂಬಿನ ಕಹಳೆ. ಬೈಬಲಿನ ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಇದರ ವಿವರವಿದೆ. ಏಳು ವರ್ಷಗಳ ಏಳು ಸುತ್ತು, ಅಂದರೆ 49 ವರ್ಷ ಕಳೆದ ಬಳಿಕ ಬರುವ 50ನೆಯ ವರ್ಷವನ್ನು ಕೊಂಬು ಊದಿ ಸಾರಬೇಕು. ಆ ವರ್ಷ ಬಿತ್ತನೆ ಇಲ್ಲ. ಸಾಲಕ್ಕೆ ಸಿಕ್ಕಿ ಜೀತಕ್ಕೆ ಬಿದ್ದವರು ಬಿಡುಗಡೆಯಾಗಿ ತಮ್ಮ ಮನೆಗೆ ಮರಳಬೇಕು, ಕೈತಪ್ಪಿದ ಜಮೀನು ಮೊದಲಿನ ಕುಟುಂಬಕ್ಕೆ ಹಿಂದಿರುಗಬೇಕು.

ನಮ್ಮ ಕಡೆಯ ಭೋಗ್ಯದ ಕರಾರು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಭೋಗ್ಯಕ್ಕೆ ಹಾಕಿದ ಹೊಲ ಅವಧಿ ಮುಗಿದಾಗ ಒಡೆಯನಿಗೆ ಮರಳುತ್ತದೆ. ಅವಧಿ ಹೆಚ್ಚು ಉಳಿದಿದ್ದರೆ ಮೊತ್ತ ಹೆಚ್ಚು, ಕಡಿಮೆ ಉಳಿದಿದ್ದರೆ ಕಡಿಮೆ. ಬೈಬಲಿನ ನಿಯಮವೂ ಹಾಗೆಯೇ ಹೇಳುತ್ತದೆ: ಮುಂದಿನ ಜುಬಿಲಿಗೆ ಎಷ್ಟು ಬೆಳೆ ಉಳಿದಿದೆ ಎಂಬುದನ್ನು ನೋಡಿ ಜಮೀನಿನ ಬೆಲೆ ಕಟ್ಟಬೇಕು. ಎಂದರೆ ಜುಬಿಲಿ ಮೊದಲಿಗೆ ಮೆರವಣಿಗೆಯ ವರ್ಷವಾಗಿರಲಿಲ್ಲ, ಲೆಕ್ಕ ಚುಕ್ತಾ ಮಾಡುವ ವರ್ಷವಾಗಿತ್ತು. ಹೀಬ್ರೂ ಪದ ಲ್ಯಾಟಿನ್ನಿಗೆ ಬಂದಾಗ ಅಲ್ಲಿ ಮೊದಲೇ ಇದ್ದ, ಸಂತೋಷದಿಂದ ಕೂಗುವುದು ಎಂಬ ಅರ್ಥದ ‘ಜೂಬಿಲಾರೆ’ ಎಂಬ ಕ್ರಿಯಾಪದದ ಬಣ್ಣ ಹತ್ತಿಸಿಕೊಂಡು ಸಂಭ್ರಮದ ಅರ್ಥ ಪಡೆಯಿತು.

ಕ್ರೈಸ್ತ ಪರಂಪರೆಯಲ್ಲಿ 1300ರಲ್ಲಿ ಪೋಪ್ ಎಂಟನೆಯ ಬೋನಿಫೇಸ್ ಮೊದಲ ಜುಬಿಲಿ ವರ್ಷವನ್ನು ಘೋಷಿಸಿದರು. ನೂರು ವರ್ಷಕ್ಕೊಮ್ಮೆ ಎಂದಿದ್ದ ಆ ಅಂತರ ಬಳಿಕ 50ಕ್ಕೆ, 15ನೆಯ ಶತಮಾನದ ಉತ್ತರಾರ್ಧದಲ್ಲಿ 25ಕ್ಕೆ ಇಳಿಯಿತು. ಒಂದು ತಲೆಮಾರಿನವರು ಬದುಕಿನಲ್ಲಿ ಒಮ್ಮೆಯಾದರೂ ಅದನ್ನು ಕಾಣುವಂತಾಗಲಿ ಎಂಬುದು ಇಳಿಸಿದ್ದರ ಉದ್ದೇಶ. ಈಚೆಗೆ 2000 ಮತ್ತು 2025 ಅಂಥ ವರ್ಷಗಳಾಗಿದ್ದವು. ಬೆಳ್ಳಿ, ಚಿನ್ನ ಎಂಬ ವಿಶೇಷಣಗಳು ಇನ್ನೊಂದು ದಾರಿಯಿಂದ ಬಂದವು. ಮದುವೆಯಾಗಿ 25 ವರ್ಷ ತುಂಬಿದ ದಂಪತಿಗೆ ಬೆಳ್ಳಿಯ, 50 ತುಂಬಿದವರಿಗೆ ಚಿನ್ನದ ಮಾಲೆ ತೊಡಿಸುವ ಪದ್ಧತಿ ಜರ್ಮನ್ ಪ್ರದೇಶಗಳಲ್ಲಿತ್ತು. ಆ ಹೆಸರುಗಳು ಮದುವೆಯಿಂದ ಅರಸರ ಆಳ್ವಿಕೆಗೆ, ಅಲ್ಲಿಂದ ಸಂಘಸಂಸ್ಥೆಗಳಿಗೆ ಹರಿದವು.

ಮೈಸೂರು ಸೀಮೆಗೆ ಈ ಪದ ಬ್ರಿಟಿಷರ ಕಾಲದಲ್ಲಿಯೇ ಕಾಲಿಟ್ಟಿತು. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 1887ರಲ್ಲಿ 50 ವರ್ಷ ತುಂಬಿದ ನೆನಪಿಗೆ ಮೈಸೂರಿನಲ್ಲಿ ಎದ್ದ ವಿಕ್ಟೋರಿಯಾ ಜುಬಿಲಿ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯದ ಓಲೆಗರಿಗಳು ನೆಲೆಯಾದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಮೈಸೂರಿನ ದೊಡ್ಡ ಗಡಿಯಾರ ನಿಂತಿತು. ಬೆಂಗಳೂರಿನಲ್ಲಿ ಪಂಪು, ವಿದ್ಯುತ್ ಸಾಮಾನು ಕೊಳ್ಳಲು ನಮ್ಮ ತೋಟದವರು ಹೋಗುವ ಎಸ್.ಜೆ.ಪಿ. ರಸ್ತೆಯ ಹೆಸರನ್ನು ಬಿಡಿಸಿದರೆ ಸಿಲ್ವರ್ ಜುಬಿಲಿ ಪಾರ್ಕ್ ರಸ್ತೆ ಎಂದಾಗುತ್ತದೆ. ಸಿನಿಮಾದವರು ಮಾತ್ರ ಈ ಪದವನ್ನು ತಮ್ಮ ಅವಸರಕ್ಕೆ ತಕ್ಕಂತೆ ಕುಗ್ಗಿಸಿಕೊಂಡರು. ಅವರ ಬೆಳ್ಳಿಹಬ್ಬ 25 ವರ್ಷದ್ದಲ್ಲ, 25 ವಾರದ್ದು.

ವಜ್ರ 60ಕ್ಕೋ, 75ಕ್ಕೋ?

ಮುದ್ರಣಾಲಯದ ಮೊದಲ ಜಗಳ ಇದೇ ಆಗಿತ್ತು. ಮದುವೆಯ ವರ್ಷಗಳನ್ನು ಎಣಿಸುವಾಗ ವಜ್ರವನ್ನು 75ಕ್ಕೆ ಜೋಡಿಸುವ ರೂಢಿ ಪಶ್ಚಿಮದಲ್ಲಿ ಇತ್ತು. ವಿಕ್ಟೋರಿಯಾ 1896ರ ಸೆಪ್ಟೆಂಬರಿನಲ್ಲಿ ತಮ್ಮ ಅಜ್ಜ ಮೂರನೆಯ ಜಾರ್ಜ್ ಅವರ ಆಳ್ವಿಕೆಯ ಅವಧಿಯನ್ನು ದಾಟಿದರು. ಆದರೆ ಆಚರಣೆಯನ್ನು ಮುಂದಕ್ಕೆ ಹಾಕಿ, 1897ರಲ್ಲಿ 60 ವರ್ಷ ತುಂಬಿದಾಗ ಒಟ್ಟಿಗೆ ಮಾಡಲಾಯಿತು. 50ರ ಚಿನ್ನದ ಹಬ್ಬ ಹತ್ತು ವರ್ಷದ ಹಿಂದೆಯೇ ಮುಗಿದಿತ್ತು, 75ರವರೆಗೆ ಕಾಯುವುದು ಆಗದ ಮಾತಾಗಿತ್ತು. ಅಂದಿನಿಂದ 60ಕ್ಕೆ ವಜ್ರ ಎಂಬ ಎಣಿಕೆ ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಹಬ್ಬಿ ಗಟ್ಟಿಯಾಯಿತು.

ನಮ್ಮಲ್ಲಿ ಇಂದು ವಜ್ರ ಮಹೋತ್ಸವ ಎಂದರೆ 60 ಎಂಬುದೇ ಸಾಮಾನ್ಯ ತಿಳಿವಳಿಕೆ. 1956ರಲ್ಲಿ ಪೂರ್ಣಗೊಂಡ ವಿಧಾನಸೌಧಕ್ಕೆ 60 ವರ್ಷವಾದ ನೆನಪಿನ ಸಮಾರಂಭ 2017ರ ಅಕ್ಟೋಬರಿನಲ್ಲಿ ನಡೆದಾಗ ಅದನ್ನು ವಜ್ರ ಮಹೋತ್ಸವ ಎಂದೇ ಕರೆದರು. ಹಳೆಯ ಲೆಕ್ಕವನ್ನು ಹಿಡಿದು 75ಕ್ಕೆ ವಜ್ರ ಎನ್ನುವವರನ್ನು ಪೂರ್ತಿ ತಪ್ಪು ಎನ್ನಲಾಗದಿದ್ದರೂ, ಈಗಿನ ಓದುಗರು ಅದನ್ನು 60 ಎಂದೇ ಓದಿಕೊಳ್ಳುತ್ತಾರೆ. ಪ್ಲಾಟಿನಂ ಇನ್ನೂ ಹೊಸತು, ಅದರಿಂದಲೇ ಅಸ್ಥಿರ. ಬ್ರಿಟನ್ನಿನಲ್ಲಿ ಎರಡನೆಯ ಎಲಿಜಬೆತ್ ರಾಣಿಯ 70 ವರ್ಷಗಳ ಆಳ್ವಿಕೆಯನ್ನು 2022ರಲ್ಲಿ ಪ್ಲಾಟಿನಂ ಜುಬಿಲಿ ಎಂದು ಆಚರಿಸಿದರು. ಭಾರತದಲ್ಲಿ ಬ್ಯಾಂಕು, ಕಾಲೇಜು, ಕಂಪನಿಗಳು ಅದನ್ನು ಹೆಚ್ಚಾಗಿ 75ಕ್ಕೆ ಬಳಸುತ್ತವೆ.

ಲೋಹವಲ್ಲದ ಅಮೃತ

75ಕ್ಕೆ ಕನ್ನಡದಲ್ಲಿ ನಿಂತ ಹೆಸರು ಅಮೃತ ಮಹೋತ್ಸವ. ಈ ಸಾಲಿನಲ್ಲಿ ಗಣಿಯಿಂದ ಬಾರದ ಹೆಸರು ಇದೊಂದೇ. ‘ಮೃತ’ಕ್ಕೆ ಎದುರಾದದ್ದು ‘ಅಮೃತ’, ಅಂದರೆ ಸಾವಿಲ್ಲದ್ದು. ಮುಕ್ಕಾಲು ಶತಮಾನ ಉಳಿದು ಬಂದದ್ದು ಇನ್ನೂ ಬಾಳಲಿ ಎಂಬ ಹಾರೈಕೆ ಪದದಲ್ಲಿಯೇ ಇದೆ. ಮರಾಠಿ, ಗುಜರಾತಿ, ಹಿಂದಿಗಳಲ್ಲಿಯೂ 75ಕ್ಕೆ ಇದೇ ಪದ ಬಳಕೆಯಲ್ಲಿದೆ.

ಸ್ವಾತಂತ್ರ್ಯದ ಅಮೃತ ಮಹೋತ್ಸವದ ಬಳಿಕ ಈ ಪದ ಮನೆಮನೆಯ ಮಾತಾಯಿತು. ಅದು ಆರಂಭವಾದದ್ದು 2021ರ ಮಾರ್ಚ್ 12ರಂದು, ದಂಡಿ ಯಾತ್ರೆ ಹೊರಟ ದಿನದ ನೆನಪಿನಲ್ಲಿ ಸಾಬರಮತಿಯಿಂದ. 2022ರ ಆಗಸ್ಟ್ 15ಕ್ಕೆ 75 ವಾರ ಉಳಿದಿರುವಾಗ ಶುರುವಾದ ಆಚರಣೆ 2023ರ ಆಗಸ್ಟ್ 15ರವರೆಗೆ ಮುಂದುವರಿಯಿತು. ಅಂದರೆ ವರ್ಷ ತುಂಬುವ ದಿನ ನಡುವೆ ಇತ್ತು, ಆಚರಣೆ ಅದರ ಎರಡೂ ಬದಿಗೆ ಚಾಚಿತ್ತು. ಮಹೋತ್ಸವ ಎಂಬುದು ಒಂದು ದಿನವಾಗಿರಬೇಕಾಗಿಲ್ಲ, ಒಂದು ಅವಧಿಯೂ ಆಗಬಹುದು ಎಂಬುದಕ್ಕೆ ಇದು ಎಲ್ಲರಿಗೂ ಗೊತ್ತಿರುವ ಉದಾಹರಣೆ.

ನಮ್ಮದೇ ಲೆಕ್ಕಗಳು: 12, 60, ಸಾವಿರ ಹುಣ್ಣಿಮೆ

ಜುಬಿಲಿಯ ಲೆಕ್ಕ 25ರ ಮಗ್ಗಿಯ ಮೇಲೆ ನಡೆಯುತ್ತದೆ. ನಮ್ಮ ಹಳೆಯ ಲೆಕ್ಕಗಳು ಆಕಾಶವನ್ನು ನೋಡಿ ಹಾಕಿದವು.

ಪಂಚಾಂಗದಲ್ಲಿ ಪ್ರಭವದಿಂದ ಅಕ್ಷಯದವರೆಗೆ 60 ಸಂವತ್ಸರಗಳಿವೆ. ಒಬ್ಬರು ಹುಟ್ಟಿದ ಸಂವತ್ಸರ 60 ವರ್ಷಗಳ ಬಳಿಕ ಅದೇ ಹೆಸರಿನಿಂದ ಮತ್ತೆ ಬರುತ್ತದೆ. 1965ರ ಯುಗಾದಿಯಿಂದ 1966ರ ಯುಗಾದಿಯವರೆಗೆ ವಿಶ್ವಾವಸು ಸಂವತ್ಸರವಿತ್ತು. 2025ರ ಯುಗಾದಿಯಂದು ಮತ್ತೆ ವಿಶ್ವಾವಸುವೇ ಬಂತು. ಷಷ್ಟ್ಯಬ್ದಿ ಅಥವಾ ಷಷ್ಟಿಪೂರ್ತಿ ಎಂಬ ಶಾಂತಿಕರ್ಮಕ್ಕೆ ಇದೇ ಆಧಾರ. ಬಾಳಿನ ಚಕ್ರ ಒಂದು ಸುತ್ತು ಬಂದು ಹೊರಟಲ್ಲಿಗೇ ಸೇರಿತು ಎಂಬ ಭಾವ ಅಲ್ಲಿದೆ, ದಂಪತಿ ಮತ್ತೊಮ್ಮೆ ಹಸೆಮಣೆಯ ಮೇಲೆ ಕೂರುವುದೂ ಅದಕ್ಕಾಗಿಯೇ.

ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಈ ಲೆಕ್ಕವನ್ನು ಹಚ್ಚಿ ನೋಡಿದರೆ ಒಂದು ಸೊಗಸಾದ ಸಂಗತಿ ತಿಳಿಯುತ್ತದೆ. ವಿಷ್ಣುವರ್ಧನನ ಶಾಸನ ಹೇಳುವಂತೆ ಅಲ್ಲಿ ಪ್ರತಿಷ್ಠೆ ನಡೆದದ್ದು ಶಕವರ್ಷ 1039ರ ಹೇವಿಳಂಬಿ ಸಂವತ್ಸರದ ಚೈತ್ರದಲ್ಲಿ, ಅಂದರೆ ಕ್ರಿ.ಶ. 1117ರಲ್ಲಿ. ಅದಕ್ಕೆ 900 ವರ್ಷ ತುಂಬಿದ್ದು 2017ರಲ್ಲಿ. 900 ಎಂದರೆ 60ರ ಸರಿಯಾಗಿ 15 ಸುತ್ತು. ಹಾಗಾಗಿ 2017ರ ಯುಗಾದಿಯಂದು ಬಂದ ಸಂವತ್ಸರವೂ ಹೇವಿಳಂಬಿಯೇ. ರಜತ, ಸುವರ್ಣಗಳ ಪಟ್ಟಿಯಲ್ಲಿ 900ಕ್ಕೆ ಹೆಸರಿಲ್ಲ, ಆದರೆ ಪಂಚಾಂಗ ಅದನ್ನು ತಾನಾಗಿಯೇ ಗುರುತು ಹಾಕಿಕೊಟ್ಟಿತು.

ಸಹಸ್ರ ಚಂದ್ರ ದರ್ಶನ ಶಾಂತಿಯದು ಇನ್ನೊಂದು ಬಗೆಯ ಎಣಿಕೆ. ಸಾವಿರ ಹುಣ್ಣಿಮೆಗಳನ್ನು ಕಂಡವರಿಗೆ ಇದನ್ನು ಮಾಡುತ್ತಾರೆ. ವರ್ಷಕ್ಕೆ 12 ಹುಣ್ಣಿಮೆ ಎಂದು ಸುಮ್ಮನೆ ಭಾಗಿಸಿದರೆ 83 ವರ್ಷ 4 ತಿಂಗಳು ಎಂಬ ಉತ್ತರ ಬರುತ್ತದೆ, ಆದರೆ ಇಲ್ಲಿ ಅಧಿಕಮಾಸ ಬಿಟ್ಟುಹೋಗಿದೆ. ಒಂದು ಹುಣ್ಣಿಮೆಯಿಂದ ಮುಂದಿನ ಹುಣ್ಣಿಮೆಗೆ ಸರಾಸರಿ 29.53 ದಿನ, ಸಾವಿರಕ್ಕೆ ಸುಮಾರು 29,530 ದಿನ, ಅದನ್ನು ವರ್ಷಕ್ಕೆ ತಿರುಗಿಸಿದರೆ ಹತ್ತಿರಹತ್ತಿರ 80 ವರ್ಷ 10 ತಿಂಗಳು. ಆ ಅವಧಿಯಲ್ಲಿ ಸಿಗುವ 970 ಮಾಮೂಲಿ ತಿಂಗಳುಗಳಿಗೆ 30ರಷ್ಟು ಅಧಿಕಮಾಸಗಳನ್ನು ಕೂಡಿಸಿದರೆ ಸಾವಿರ ಭರ್ತಿಯಾಗುತ್ತದೆ. ಮನೆಯ ಹಿರಿಯರಿಗೆ 80 ದಾಟಿದ ಕೂಡಲೇ ಪುರೋಹಿತರು ದಿನ ನೋಡತೊಡಗುವುದು ಈ ಕಾರಣಕ್ಕೆ.

ಇನ್ನು 12. ಗುರುಗ್ರಹ ರಾಶಿಚಕ್ರವನ್ನು ಒಮ್ಮೆ ಸುತ್ತಲು ತೆಗೆದುಕೊಳ್ಳುವ ಕಾಲ 12 ವರ್ಷಕ್ಕೆ ತುಸು ಕಡಿಮೆ. ಕುಂಭಮೇಳ, ನದಿಗಳ ಪುಷ್ಕರ ಇವೆಲ್ಲ ಅದನ್ನು ಅನುಸರಿಸುತ್ತವೆ. ಶ್ರವಣಬೆಳಗೊಳದ ಗೊಮ್ಮಟೇಶ್ವರನಿಗೆ ಮಹಾಮಸ್ತಕಾಭಿಷೇಕ ನಡೆಯುವುದೂ ಸುಮಾರು 12 ವರ್ಷಗಳಿಗೊಮ್ಮೆ: 1981, 1993, 2006, 2018. 1993ರಿಂದ 2006ಕ್ಕೆ 13 ವರ್ಷ ಎಂದು ತೋರಿದರೂ, ಒಂದು ಡಿಸೆಂಬರಿನಲ್ಲಿ, ಇನ್ನೊಂದು ಫೆಬ್ರವರಿಯಲ್ಲಿ ನಡೆದದ್ದರಿಂದ ನಿಜವಾದ ಅಂತರ 12 ವರ್ಷದ ಮೇಲೆ ಕೆಲವೇ ವಾರಗಳು. ಇವುಗಳಲ್ಲಿ 1981ರದು ಬೇರೆಯದೇ ತೂಕದ್ದು. ಚಾವುಂಡರಾಯ ಮೂರ್ತಿಯನ್ನು ಪ್ರತಿಷ್ಠಾಪಿಸಿದ್ದು 981ರಲ್ಲಿ ಎಂಬ ಎಣಿಕೆಯಂತೆ ಅದು ಸಾವಿರದ ವರ್ಷ. 12ರ ಲೆಕ್ಕ ಮತ್ತು 1000ದ ಲೆಕ್ಕ ಒಂದೇ ಅಭಿಷೇಕದಲ್ಲಿ ಕೂಡಿದ್ದವು.

ತುಂಬಿದ ವರ್ಷ, ನಡೆಯುವ ವರ್ಷ

ಮೂರನೆಯ ಸದಸ್ಯರ ತಕರಾರಿಗೆ ಬರೋಣ. ಈ ವಿಷಯದಲ್ಲಿ ಕನ್ನಡದ ಆಡುಮಾತು ಬಹಳ ನಿಖರವಾಗಿದೆ. ಅಜ್ಜಿಯ ವಯಸ್ಸು ಕೇಳಿದರೆ ‘ಎಪ್ಪತ್ನಾಲ್ಕು ತುಂಬಿ ಎಪ್ಪತ್ತೈದು ನಡೀತಿದೆ’ ಎನ್ನುತ್ತಾರೆ. ತುಂಬಿದ್ದು ಕೈಗೆ ಬಂದ ಪೂರ್ತಿ ವರ್ಷಗಳ ಲೆಕ್ಕ, ನಡೆಯುತ್ತಿರುವುದು ಈಗ ಕಾಲಿಟ್ಟಿರುವ ವರ್ಷದ ಲೆಕ್ಕ. ಎರಡರ ನಡುವೆ ಯಾವಾಗಲೂ ಒಂದರ ವ್ಯತ್ಯಾಸ. ‘75ನೇ ವರ್ಷ’ ಎಂದಾಗ 74 ಮಾತ್ರ ತುಂಬಿರುತ್ತದೆ. ‘75 ವರ್ಷ’ ಎಂದಾಗ 76ನೆಯದು ಶುರುವಾಗಿರುತ್ತದೆ.

ಹಳೆಯ ಕಾಲದ ಮನೆಯನ್ನು ನೆನೆದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಎರಡು ಕಂಬಗಳ ನಡುವಿನ ಜಾಗ ಒಂದು ಅಂಕಣ. ಐದು ಅಂಕಣದ ಪಡಸಾಲೆಗೆ ಸಾಲಿನಲ್ಲಿ ಆರು ಕಂಬ ಬೇಕು. ವರ್ಷಗಳು ಅಂಕಣಗಳಂತೆ, ಆಚರಣೆಯ ದಿನಗಳು ಕಂಬಗಳಂತೆ. 1950ರ ಜನವರಿ 26 ಮೊದಲ ಕಂಬ. 2025ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದು 75 ವರ್ಷ ತುಂಬಿತು, ಆದರೆ ಅಂದು ನಡೆದದ್ದು 76ನೆಯ ಗಣರಾಜ್ಯೋತ್ಸವ. ಪತ್ರಿಕೆಗಳಲ್ಲಿ ಎರಡು ಸಂಖ್ಯೆಗಳೂ ಕಾಣಿಸಿಕೊಂಡಾಗ ಒಂದು ತಪ್ಪಿರಬೇಕು ಎಂದು ಹಲವರು ಅಂದುಕೊಂಡರು. ಎರಡೂ ಸರಿಯೇ.

ಮಹೋತ್ಸವಗಳು ನಡೆಯುವ ವರ್ಷದ ಆರಂಭದಲ್ಲಿ ಬರಬೇಕೋ, ತುಂಬಿದ ಮೇಲೆ ಬರಬೇಕೋ ಎಂಬುದಕ್ಕೆ ಒಂದೇ ನಿಯಮವಿಲ್ಲ. ಮೂರನೆಯ ಜಾರ್ಜ್ ಪಟ್ಟಕ್ಕೆ ಬಂದದ್ದು 1760ರ ಅಕ್ಟೋಬರ್ 25ರಂದು. ಬ್ರಿಟನ್ನಿನಲ್ಲಿ ಅವರ ಚಿನ್ನದ ಹಬ್ಬ ನಡೆದದ್ದು 1809ರ ಅಕ್ಟೋಬರ್ 25ರಂದು, 49 ತುಂಬಿ 50ಕ್ಕೆ ಕಾಲಿಟ್ಟ ದಿನ. ಲೇಖಕರ ಜನ್ಮಶತಮಾನೋತ್ಸವಗಳಲ್ಲಿಯೂ ಈ ಎರಡು ಬಗೆ ಇದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹಾಸನ ಜಿಲ್ಲೆಯ ಗೊರೂರಿನಲ್ಲಿ, ಕುವೆಂಪು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ್ದು ಒಂದೇ ವರ್ಷ, 1904ರಲ್ಲಿ. ಕುವೆಂಪು ಅವರ ನೂರನೆಯ ವರ್ಷ 2003ರ ಡಿಸೆಂಬರ್ 29ರಂದು ಆರಂಭವಾಗಿ 2004ರ ಡಿಸೆಂಬರ್ 29ಕ್ಕೆ ತುಂಬಿತು. ‘ಶತಮಾನೋತ್ಸವ ವರ್ಷ’ ಎಂಬ ಮಾತು ಈ ಇಡೀ ಅವಧಿಗೂ ಸಲ್ಲುತ್ತದೆ, ತುಂಬಿದ ಬಳಿಕದ ವರ್ಷಕ್ಕೂ ಕೆಲವರು ಬಳಸುತ್ತಾರೆ. ಗೊಂದಲ ತಪ್ಪಿಸಬೇಕೆನ್ನುವವರು ನಡೆಯುವ ವರ್ಷಕ್ಕೆ ‘ವರ್ಷಾಚರಣೆ’ ಎಂದೂ ತುಂಬಿದ ದಿನಕ್ಕೆ ‘ಮಹೋತ್ಸವ’ ಎಂದೂ ಬೇರೆ ಮಾಡುವುದುಂಟು. ನನಗೆ ಅದು ಒಪ್ಪುವ ದಾರಿ.

ಕ್ರಿಸ್ತಪೂರ್ವದ ಘಟನೆಗಳಲ್ಲಿ ಇನ್ನೊಂದು ಸಣ್ಣ ಕೊಕ್ಕೆ ಇದೆ. ಮಹಾವೀರರ ನಿರ್ವಾಣವನ್ನು ಜೈನ ಪರಂಪರೆ ಕ್ರಿ.ಪೂ. 527ಕ್ಕೆ ಇಡುತ್ತದೆ, ಅದರ 2500ನೆಯ ವರ್ಷವನ್ನು 1974ರಲ್ಲಿ ದೇಶದಾದ್ಯಂತ ಆಚರಿಸಲಾಯಿತು. 527ಕ್ಕೆ 1974 ಕೂಡಿಸಿದರೆ ಬರುವುದು 2501. ಆದರೆ ಕ್ರಿ.ಪೂ. 1ರ ಮರುವರ್ಷವೇ ಕ್ರಿ.ಶ. 1, ನಡುವೆ ಸೊನ್ನೆಯ ವರ್ಷವಿಲ್ಲ. ಆದ್ದರಿಂದ ಮೊತ್ತದಲ್ಲಿ ಒಂದನ್ನು ಕಳೆಯಬೇಕು. ಕಳೆದರೆ ಸರಿಯಾಗಿ 2500.

ಎಣಿಕೆ ಎಲ್ಲಿಂದ?

ಹೆಸರು ಗೊತ್ತಾಗಿ, ತುಂಬಿದ್ದು ನಡೆಯುವುದು ಇತ್ಯರ್ಥವಾದರೂ, ಎಣಿಕೆಯ ಮೊದಲ ದಿನ ಯಾವುದು ಎಂಬುದು ಉಳಿದೇ ಇರುತ್ತದೆ. ಬೆಳ್ಳಿ, ಚಿನ್ನ ಎಂಬ ಪದಗಳು ಎಷ್ಟು ವರ್ಷ ಎಂಬುದನ್ನಷ್ಟೇ ಹೇಳುತ್ತವೆ, ಯಾವುದಕ್ಕೆ ಅಷ್ಟು ವರ್ಷ ಎಂಬುದನ್ನು ಹೇಳುವುದಿಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದದ್ದು 1895ರಲ್ಲಿ, ಬಾಲಕರಾಗಿದ್ದಾಗ. ಆಗ ರಾಜ್ಯಭಾರ ನಡೆಸಿದವರು ರೀಜೆಂಟರಾದ ತಾಯಿ. ಅವರ ಕೈಗೆ ಪೂರ್ಣ ಅಧಿಕಾರ ಬಂದದ್ದು 1902ರ ಆಗಸ್ಟಿನಲ್ಲಿ. ಪಟ್ಟದಿಂದ ಎಣಿಸಿದ್ದರೆ ಬೆಳ್ಳಿಹಬ್ಬ 1920ಕ್ಕೆ ಬರಬೇಕಿತ್ತು. ಅಧಿಕಾರದಿಂದ ಎಣಿಸಿದ್ದರಿಂದ 1927ಕ್ಕೆ ಬಂತು.

ಕರ್ನಾಟಕ ತನ್ನ ಚಿನ್ನದ ಹಬ್ಬವನ್ನು ಎರಡು ಬಾರಿ ಕಂಡಿದೆ. 1956ರ ನವೆಂಬರ್ 1ರಂದು ಕನ್ನಡದ ಸೀಮೆಗಳು ಒಂದಾದದ್ದಕ್ಕೆ 2006ರಲ್ಲಿ 50 ತುಂಬಿತು. ಅದು ಸುವರ್ಣ ಕರ್ನಾಟಕ. ಹಳ್ಳಿಗಳಿಗೆ ಬಂದ ‘ಸುವರ್ಣ ಗ್ರಾಮೋದಯ’ ಯೋಜನೆಯ ಹೆಸರಿನಲ್ಲಿರುವ ಚಿನ್ನವೂ ಅಲ್ಲಿಂದಲೇ ಬಂದದ್ದು. ಆದರೆ 1956ರಲ್ಲಿ ರಾಜ್ಯದ ಹೆಸರು ಮೈಸೂರು ಎಂದೇ ಇತ್ತು. ಕರ್ನಾಟಕ ಎಂದಾದದ್ದು 1973ರ ನವೆಂಬರ್ 1ರಂದು. ಅದಕ್ಕೆ 50 ತುಂಬಿದ್ದು 2023ರಲ್ಲಿ, ಆಗ ನಡೆದದ್ದು ‘ಕರ್ನಾಟಕ ಸಂಭ್ರಮ – 50’. ಒಂದು ರಾಜ್ಯ ಹುಟ್ಟಿದ್ದಕ್ಕೆ, ಇನ್ನೊಂದು ಹೆಸರಿಟ್ಟದ್ದಕ್ಕೆ.

ಶೃಂಗೇರಿಯ ಶ್ರೀ ಭಾರತೀ ತೀರ್ಥ ಸ್ವಾಮಿಗಳ ವಿಷಯದಲ್ಲಿ 2024ರಲ್ಲಿ ನಡೆದ ಸುವರ್ಣ ಆಚರಣೆ 1974ರ ಸನ್ಯಾಸ ಸ್ವೀಕಾರದಿಂದ ಎಣಿಸಿದ್ದು. ಅವರು ಪೀಠಾಧಿಪತಿಗಳಾದದ್ದು 1989ರಲ್ಲಿ. ಬಾಳೆಹೊನ್ನೂರಿನ ಬಳಿಯ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ ಮೈಸೂರು ಸರ್ಕಾರದ ಕಾಫಿ ಪ್ರಯೋಗ ಕೇಂದ್ರವಾಗಿ 1925ರಲ್ಲಿ ಮೊದಲಾಯಿತು. ಕಾಫಿ ಮಂಡಳಿ ಹುಟ್ಟಿದ್ದೇ ಅದರ ಬಳಿಕ. ಆಡಳಿತ ಬದಲಾದರೂ ಕೆಲಸ ತುಂಡಾಗದೆ ಮುಂದುವರಿದದ್ದರಿಂದ ನೂರರ ಎಣಿಕೆ 1925ರಿಂದಲೇ ಹಿಡಿದು 2025ಕ್ಕೆ ಮುಗಿಯಿತು.

ವರ್ಷವನ್ನು ಎಣಿಸುವುದು ಬೇರೆ, ಬಾರಿಯನ್ನು ಎಣಿಸುವುದು ಬೇರೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಮೊದಲ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು 1915ರಲ್ಲಿ ಬೆಂಗಳೂರಿನಲ್ಲಿ. ಅದಾದ ನೂರು ವರ್ಷಕ್ಕೆ, 2015ರಲ್ಲಿ, ನಮ್ಮ ಶ್ರವಣಬೆಳಗೊಳದಲ್ಲಿ ನಡೆದದ್ದು 81ನೆಯ ಸಮ್ಮೇಳನ. ನಡುವೆ ಹಲವು ವರ್ಷ ಸಮ್ಮೇಳನ ನಡೆಯದಿದ್ದುದರಿಂದ ಸಂಖ್ಯೆ ಹಿಂದೆ ಬಿದ್ದಿದೆ. 81 ಎಂಬುದು ಕೂಡಿದ ಬಾರಿಗಳ ಲೆಕ್ಕ, ಸಮ್ಮೇಳನದ ವಯಸ್ಸಲ್ಲ.

ನೂರರ ಆಚೆಗೆ

‘ಶತಮಾನ’ದಲ್ಲಿರುವ ‘ಮಾನ’ ಎಂದರೆ ಅಳತೆ. ಆಶೀರ್ವಾದ ಮಾಡುವಾಗ ಪುರೋಹಿತರು ಹೇಳುವ ‘ಶತಮಾನಂ ಭವತಿ’ ಎಂಬ ಮಂತ್ರದಲ್ಲಿರುವುದೂ ಇದೇ ಪದ, ನೂರರ ಅಳತೆಯ ಆಯುಸ್ಸು. ನೂರನ್ನು ದಾಟಿದ ಮೇಲೆ ಹೊಸ ಹೆಸರು ಹುಡುಕದೆ ಹಳೆಯದಕ್ಕೇ ‘ಉತ್ತರ’ ಸೇರಿಸುತ್ತಾರೆ. 125ಕ್ಕೆ ಶತಮಾನೋತ್ತರ ರಜತ ಮಹೋತ್ಸವ ಅಥವಾ ಶತಮಾನೋತ್ತರ ಬೆಳ್ಳಿಹಬ್ಬ, 150ಕ್ಕೆ ಶತಮಾನೋತ್ತರ ಸುವರ್ಣ ಮಹೋತ್ಸವ. 150ಕ್ಕೆ ‘ಸಾರ್ಧ ಶತಮಾನೋತ್ಸವ’ ಎಂಬ ಚಿಕ್ಕ ಹೆಸರೂ ಇದೆ. ‘ಸ’ ಮತ್ತು ‘ಅರ್ಧ’ ಸೇರಿ ‘ಸಾರ್ಧ’, ಅಂದರೆ ಅರ್ಧದೊಡನೆ ಕೂಡಿದ ನೂರು. ವಿವೇಕಾನಂದರ 150ನ್ನು 2013ರಲ್ಲಿ ಆಚರಿಸಿದಾಗ ‘ಸಾರ್ಧ ಶತಿ’ ಎಂಬ ಮಾತು ಕೇಳಿಬಂದಿತ್ತು. 200ಕ್ಕೆ ದ್ವಿಶತಮಾನೋತ್ಸವ, 1000ಕ್ಕೆ ಸಹಸ್ರಮಾನೋತ್ಸವ.

ಬರೆಯುವಾಗ ಆಗುವ ತಪ್ಪುಗಳು

ಊರಿನ ಫ್ಲೆಕ್ಸುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು ‘75ನೇ ಅಮೃತ ಮಹೋತ್ಸವ’, ‘100ನೇ ಶತಮಾನೋತ್ಸವ’ ಎಂಬ ಬಗೆಯದು. ಅಮೃತ ಎಂದರೆ 75 ಎಂಬುದು ಪದದೊಳಗೇ ಇರುವಾಗ ಹೊರಗೆ ಮತ್ತೆ ‘75ನೇ’ ಎಂದರೆ 75 ಬಾರಿ ಅಮೃತ ಮಹೋತ್ಸವ ನಡೆದಿದೆ ಎಂಬ ಅರ್ಥ ಬರುತ್ತದೆ. ನೂರನೆಯ ಶತಮಾನೋತ್ಸವವಾಗಬೇಕಾದರೆ ಶಾಲೆ ಹತ್ತು ಸಾವಿರ ವರ್ಷ ಹಳೆಯದಾಗಿರಬೇಕು. ‘ಅಮೃತ ಮಹೋತ್ಸವ’ ಎಂದಷ್ಟೇ ಬರೆದರೆ ಸಾಕು, ಸಂಖ್ಯೆ ಬೇಕೇಬೇಕು ಎಂದಾದರೆ ಕೆಳಗೆ ‘1951–2026’ ಎಂದು ಎರಡು ಇಸವಿಗಳನ್ನು ಕೊಡಬಹುದು.

ಇನ್ನೊಂದು ಔಚಿತ್ಯದ ಮಾತು. ಉತ್ಸವ ಎಂಬ ಪದದಲ್ಲಿ ಸಂತೋಷವಿದೆ, ಆದ್ದರಿಂದ ದುಃಖದ ಘಟನೆಗಳಿಗೆ ಅದು ಒಗ್ಗುವುದಿಲ್ಲ. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ 2019ರಲ್ಲಿ ನೂರು ವರ್ಷವಾಯಿತು. ಅದಕ್ಕೆ ಶತಮಾನೋತ್ಸವ ಎನ್ನದೆ ಶತಮಾನ ಸ್ಮರಣೆ ಎನ್ನಬೇಕು. ತೀರಿಕೊಂಡವರ ವಿಷಯದಲ್ಲಿ ಪುಣ್ಯಸ್ಮರಣೆ, ಪುಣ್ಯತಿಥಿ ಎಂಬ ಪದಗಳಿವೆ, ಮಠಗಳಲ್ಲಿ ಸಂಸ್ಮರಣೋತ್ಸವ ಎನ್ನುವ ರೂಢಿಯೂ ಇದೆ.

ಮುದ್ರಣಾಲಯಕ್ಕೆ ಬಂದಿದ್ದ ನಾಲ್ವರು ಮರುದಿನ ಶಾಲೆಯ ಹಳೆಯ ದಾಖಲಾತಿ ಪುಸ್ತಕದೊಡನೆ ಬಂದರು. ರಟ್ಟು ಕಳಚಿ, ಅಂಚುಗಳನ್ನು ಗೆದ್ದಲು ತಿಂದಿತ್ತು. ಮೊದಲ ಪುಟದಲ್ಲಿ ನೀಲಿ ಮಸಿಯ ಓರೆ ಅಕ್ಷರಗಳಲ್ಲಿ ಕ್ರಮಸಂಖ್ಯೆ ಒಂದರ ಎದುರಿಗೆ ಒಬ್ಬ ಹುಡುಗನ ಹೆಸರು, ತಂದೆಯ ಕಸುಬು ‘ವ್ಯವಸಾಯ’, ಸೇರಿದ ದಿನ 1951ರ ಜೂನ್. ಕಟ್ಟಡದ ಕಲ್ಲಿನಲ್ಲಿರುವ ಇಸವಿ 1958 ಎಂದು ಒಬ್ಬರು ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಜಗಲಿಯ ಮೇಲಿನ ಪಾಠಕ್ಕೆ ಬರಹದ ಆಧಾರ ಸಿಗಲಿಲ್ಲ; ಅದು ಸರ್ಕಾರಿ ಶಾಲೆಗೆ ಮೊದಲಿನ ಕೂಲಿಮಠವಾಗಿತ್ತು ಎಂಬುದನ್ನು ಹಿರಿಯರೂ ಒಪ್ಪಿದರು. ಸಮಾರಂಭ ಫೆಬ್ರವರಿಯಲ್ಲಿ ಇದ್ದುದರಿಂದ ಅಂದಿಗೆ ತುಂಬಿರುವುದು 74, ನಡೆಯುತ್ತಿರುವುದು 75. ಕೊನೆಗೆ ಅಚ್ಚಾದ ಪತ್ರಿಕೆಯ ಮೇಲೆ ‘ಅಮೃತ ವರ್ಷಾಚರಣೆ’ ಎಂದೂ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಶಾಲಾ ಪ್ರಾರಂಭ: ಜೂನ್ 1951’ ಎಂದೂ ಇತ್ತು. ಕೂಲಿಮಠ ನಡೆಸಿದ ಐಗಳ ಹೆಸರನ್ನು ಹಿರಿಯರ ಒತ್ತಾಯದಂತೆ ಒಳಪುಟದಲ್ಲಿ, ಇಸವಿ ಹಾಕದೆ, ಸೇರಿಸಲಾಯಿತು.